ಪಾಕದ ಪೀಪಾಯಿ, ಪಾರದರ್ಶಕ ನೋಟು

ಕೆನಡಾದ ರಾಷ್ಟ್ರಧ್ವಜದ ನಡುವೆ 1965ರಿಂದ ಕಾಣಿಸಿಕೊಳ್ಳುತ್ತಿರುವ ಹನ್ನೊಂದು ಮೊನೆಗಳ ಕೆಂಪು ಮೇಪಲ್ ಎಲೆ ಆ ದೇಶದ ಎರಡು ಬಗೆಯ ಸಂಪತ್ತಿನ ಮೇಲೂ ತನ್ನ ಮುದ್ರೆಯನ್ನು ಒತ್ತಿದೆ. ಒಂದು, ಸಕ್ಕರೆ ಮೇಪಲ್ ಎಂಬ ಮರದ ರಸವನ್ನು ಕಾಯಿಸಿ ಇಳಿಸಿದ ಪಾಕ. ಇನ್ನೊಂದು, 2011ರ ಕೊನೆಯಲ್ಲಿ ಚಲಾವಣೆಗೆ ಬಂದ ಪ್ಲಾಸ್ಟಿಕ್ ನೋಟು. ಮೇಲ್ನೋಟಕ್ಕೆ ಅಡುಗೆಮನೆಗೂ ಖಜಾನೆಗೂ ಸೇರಿದ ಈ ಎರಡು ವಸ್ತುಗಳ ನಡುವೆ ಎಲೆಯ ಚಿತ್ರವೊಂದನ್ನು ಬಿಟ್ಟರೆ ಬೇರೆ ನಂಟು ಕಾಣದು. ಆದರೆ ವರ್ಷಗಟ್ಟಲೆ ಕೆಡದೆ ಉಳಿಯಬೇಕಾದ, ಕೈಯಿಂದ ಕೈಗೆ ಸಾಗುವಾಗ ಕಲಬೆರಕೆಗೂ ನಕಲಿಗೂ ಎಡೆಗೊಡಬಾರದ ವಸ್ತುವನ್ನು ಕಾಪಾಡುವುದು ಹೇಗೆಂಬ ಪ್ರಶ್ನೆ ಎರಡಕ್ಕೂ ಒಂದೇ ಆಗಿದೆ. ಆ ಪ್ರಶ್ನೆಗೆ ಕೆನಡಾ ಕಂಡುಕೊಂಡ ಉತ್ತರದಲ್ಲಿ ಬೀಗಮುದ್ರೆಗಳಿಗಿಂತ ವಸ್ತುವಿನ ಸ್ವಭಾವವನ್ನು ಅರಿತು ಮತ್ತೆ ಮತ್ತೆ ಪರೀಕ್ಷಿಸುವ ಅಭ್ಯಾಸಕ್ಕೇ ಹೆಚ್ಚಿನ ಪಾಲಿದೆ. ಆ ಅಭ್ಯಾಸ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯದೇ ನಿದರ್ಶನವಿದೆ.

ಮೇಪಲ್ ಮರ ಬೇಸಿಗೆಯಲ್ಲಿ ತಯಾರಿಸಿಕೊಂಡ ಪಿಷ್ಟವನ್ನು ಕಾಂಡದಲ್ಲಿ ಕೂಡಿಟ್ಟು, ಚಳಿಗಾಲದ ಕೊನೆಗೆ ಅದನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಫೆಬ್ರುವರಿಯ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ಹಿಮಗಟ್ಟುವ ಚಳಿ ಮತ್ತು ಹಗಲು ಅದು ಕರಗುವಷ್ಟು ಬಿಸಿಲು ಇರುವ ದಿನಗಳಲ್ಲಿ, ಕಾಂಡದ ಒಳಗೆ ಒತ್ತಡ ಏರಿಳಿಯುವುದರಿಂದ ತೊಗಟೆಯಲ್ಲಿ ಕೊರೆದ ಸಣ್ಣ ರಂಧ್ರದ ಮೂಲಕ ರಸ ತೊಟ್ಟಿಕ್ಕುತ್ತದೆ. ಯುರೋಪಿಯನ್ನರು ಬರುವುದಕ್ಕೆ ಬಹಳ ಮೊದಲೇ ಅನಿಶಿನಾಬೆ, ಹೌಡೆನೊಸೌನಿ, ಅಬೆನಾಕಿ ಮೊದಲಾದ ಮೂಲನಿವಾಸಿ ಜನಾಂಗಗಳಿಗೆ ಈ ರಸದ ಬಳಕೆ ತಿಳಿದಿತ್ತು. ರಸದಲ್ಲಿ ಸಕ್ಕರೆಯ ಪ್ರಮಾಣ ಸರಿಸುಮಾರು ಶೇ 2 ಮಾತ್ರ, ಉಳಿದದ್ದು ನೀರು. ಆದ್ದರಿಂದ ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕಾಗುತ್ತದೆ. ಮಲೆನಾಡಿನ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಜೋನಿ ಬೆಲ್ಲವಾಗುವ ಕ್ರಮವನ್ನು ಬಲ್ಲವರಿಗೆ ಈ ಕೆಲಸದ ಸ್ವರೂಪ ಅಪರಿಚಿತವಲ್ಲ: ಇಲ್ಲಿಯೂ ಬೆಂಕಿಯಿಂದ ಇಳಿಸುವ ಗಳಿಗೆಯೇ ಮುಖ್ಯ, ತುಸು ಮೊದಲಾದರೆ ಪಾಕ ನೀರಾಗುತ್ತದೆ, ತುಸು ತಡವಾದರೆ ಹರಳುಗಟ್ಟುತ್ತದೆ.

ಆ ಗಳಿಗೆಯನ್ನು ಹಿಡಿಯಲು ಎರಡು ಅಳತೆಗಳಿವೆ. ಪಾಕ ಸಿದ್ಧವಾದಾಗ ಅದು ಕುದಿಯುವ ಬಿಂದು, ಆ ದಿನ ಆ ಸ್ಥಳದಲ್ಲಿ ನೀರು ಕುದಿಯುವ ಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಷ್ಟು ಮೇಲಿರುತ್ತದೆ. ಇನ್ನೊಂದು ಅಳತೆ ಬ್ರಿಕ್ಸ್, ಅಂದರೆ ದ್ರಾವಣದ ತೂಕದಲ್ಲಿ ಸಕ್ಕರೆಯ ಶೇಕಡಾ ಪಾಲು. ಕೆನಡಾದ ನಿಯಮದಂತೆ ಇದು 66ಕ್ಕಿಂತ ಕಡಿಮೆ ಇರಬಾರದು, 68.9ನ್ನು ಮೀರಬಾರದು. ಈ ಕಿರಿದಾದ ಅಂತರ ಅಧಿಕಾರಿಗಳ ಹಟದಿಂದ ಹುಟ್ಟಿದ್ದಲ್ಲ, ಸಂಗ್ರಹಣೆಯ ರಸಾಯನಶಾಸ್ತ್ರವೇ ವಿಧಿಸಿದ್ದು. 66ರ ಕೆಳಗೆ ಇಳಿದ ಪಾಕದಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ನೀರು ಬಿಡುವಾಗಿ ಸಿಗುವುದರಿಂದ ಅದು ಹುಳಿಯುತ್ತದೆ. 69ರ ಆಸುಪಾಸಿಗೆ ಏರಿದ ಪಾಕ ತಣಿದಾಗ ಅಷ್ಟೊಂದು ಸಕ್ಕರೆಯನ್ನು ಕರಗಿಸಿ ಇಟ್ಟುಕೊಳ್ಳಲಾರದೆ ಪಾತ್ರೆಯ ತಳದಲ್ಲಿ ಹರಳುಗಳನ್ನು ಇಳಿಸುತ್ತದೆ. ಹರಳಾಗಿ ಹೋದ ಸಕ್ಕರೆಯಿಂದಾಗಿ ಮೇಲಿನ ದ್ರವ ತೆಳುವಾಗಿ, ಅತಿ ಗಟ್ಟಿಯಾದ ಪಾಕವೂ ಕೊನೆಗೆ ಕೆಡುವ ದಾರಿ ಹಿಡಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಸರಿಯಾದ ಸಾಂದ್ರತೆಯ ಪಾಕವನ್ನು ಬ್ಯಾಕ್ಟೀರಿಯಾಗಳು ಹಾಳುಮಾಡುವುದು ಅಪರೂಪ. ಅದರ ನಿಜವಾದ ಶತ್ರು ಬೂಷ್ಟು. ಆಹಾರವಿಜ್ಞಾನದಲ್ಲಿ ನೀರಿನ ಲಭ್ಯತೆ ಎಂಬ ಪರಿಕಲ್ಪನೆಯಿದೆ: ಒಂದು ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದಕ್ಕಿಂತ, ಸಕ್ಕರೆ ಅಥವಾ ಉಪ್ಪಿನ ಹಿಡಿತಕ್ಕೆ ಸಿಗದೆ ಜೀವಿಗಳ ಬಳಕೆಗೆ ಉಳಿದ ನೀರೆಷ್ಟು ಎಂಬುದನ್ನು ಅದು ಸೂಚಿಸುತ್ತದೆ. ಮೇಪಲ್ ಪಾಕದಲ್ಲಿ ಆ ಉಳಿಕೆ ಬ್ಯಾಕ್ಟೀರಿಯಾಗಳಿಗೆ ಸಾಲದಿದ್ದರೂ, ಒಣ ಪರಿಸರಕ್ಕೆ ಒಗ್ಗಿಕೊಂಡ ಕೆಲವು ಶಿಲೀಂಧ್ರಗಳಿಗೆ ಸಾಕಾಗುತ್ತದೆ. ಬಿಸಿ ಪಾಕವನ್ನು ಪಾತ್ರೆಗೆ ತುಂಬಿದ ಮೇಲೆ ಮುಚ್ಚಳದ ಕೆಳಗಿನ ಖಾಲಿ ಜಾಗದಲ್ಲಿ ಆವಿ ತಣಿದು, ಹನಿಯಾಗಿ ಪಾಕದ ಮೇಲ್ಮೈಗೆ ಬೀಳುತ್ತದೆ. ಅಲ್ಲಿ ಉಂಟಾಗುವ ತೆಳುವಾದ, ನೀರಾದ ಪದರದಲ್ಲಿ ಬೂಷ್ಟು ಬೇರೂರುತ್ತದೆ. ಇದನ್ನು ತಡೆಯಲು ಪಾಕವನ್ನು ಸುಮಾರು 82ರಿಂದ 85 ಡಿಗ್ರಿ ಬಿಸಿಯಲ್ಲಿಯೇ ಕುತ್ತಿಗೆಯವರೆಗೆ ತುಂಬಿ, ಮುಚ್ಚಿದ ಕೂಡಲೇ ಬಾಟಲಿಯನ್ನು ಅಡ್ಡಲಾಗಿ ಮಲಗಿಸುತ್ತಾರೆ. ಬಿಸಿ ದ್ರವ ಮುಚ್ಚಳದ ಒಳಭಾಗವನ್ನೂ ತಾಗಿ ಅಲ್ಲಿನ ಬೀಜಾಣುಗಳನ್ನು ಕೊಲ್ಲುತ್ತದೆ. ಬಿಸಿ ಇನ್ನೂ ಹೆಚ್ಚಿದರೆ ಕರಗಿದ್ದ ಕ್ಯಾಲ್ಸಿಯಂ ಲವಣಗಳು ಮರಳಿನಂತೆ ಬೇರ್ಪಟ್ಟು ಪಾಕ ಮಬ್ಬಾಗುತ್ತದೆ.

ಪಾತ್ರೆಯ ಆಯ್ಕೆಯೂ ಸಣ್ಣ ವಿಷಯವಲ್ಲ. ಗಾಜು ಗಾಳಿಯನ್ನು ಒಳಬಿಡುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಜಗ್ಗುಗಳ ಗೋಡೆಯ ಮೂಲಕ ಆಮ್ಲಜನಕ ನಿಧಾನವಾಗಿ ನುಸುಳುತ್ತದೆ, ಆದ್ದರಿಂದ ಅವುಗಳಲ್ಲಿ ತಿಂಗಳುಗಟ್ಟಲೆ ಇಟ್ಟ ಪಾಕದ ಬಣ್ಣ ಗಾಢವಾಗಿ, ರುಚಿಯ ನವಿರು ಕಡಿಮೆಯಾಗುತ್ತದೆ. ಮುದ್ರೆ ಒಡೆಯದ ಬಾಟಲಿ ತಂಪಾದ, ಬೆಳಕಿಲ್ಲದ ಕಪಾಟಿನಲ್ಲಿ ಬಹುಕಾಲ ಉಳಿಯುತ್ತದೆ. ಒಮ್ಮೆ ತೆರೆದ ಮೇಲೆ ಅದರ ಜಾಗ ಫ್ರಿಜ್. ಫ್ರೀಜರ್‌ನಲ್ಲಿಟ್ಟರೂ ತೊಂದರೆಯಿಲ್ಲ, ಏಕೆಂದರೆ ಮನೆಯ ಫ್ರೀಜರ್‌ನ ಚಳಿಗೆ ಅಷ್ಟು ಸಕ್ಕರೆಯ ದ್ರಾವಣ ಮಂಜುಗಡ್ಡೆಯಾಗದೆ ಮಂದವಾಗುತ್ತದೆ ಅಷ್ಟೆ. ಕೆನಡಾದಿಂದ ಎಲೆಯಾಕಾರದ ಪುಟ್ಟ ಗಾಜಿನ ಬಾಟಲಿಗಳನ್ನು ಊರಿಗೆ ತರುವ ಕನ್ನಡಿಗರು, ಅದು ಸಕ್ಕರೆ ಪಾಕ ತಾನೇ ಎಂದು ಜೇನುತುಪ್ಪದ ಪಕ್ಕದಲ್ಲಿ ತೆರೆದಿಡದಿರುವುದು ಒಳ್ಳೆಯದು. ಜೇನಿನಲ್ಲಿ ನೀರಿನ ಪಾಲು ಮೇಪಲ್ ಪಾಕದಲ್ಲಿರುವುದರ ಅರ್ಧದಷ್ಟೇ ಇರುವುದರಿಂದ ಅದಕ್ಕಿರುವ ತಾಳಿಕೆ ಇದಕ್ಕಿಲ್ಲ. ಬೂಷ್ಟು ಕಂಡರೆ ಪದರ ತೆಗೆದು ಮತ್ತೆ ಕುದಿಸಿ ಬಳಸುವ ಹಳೆಯ ರೂಢಿ ಉಂಟಾದರೂ, ಕೆಲವು ಶಿಲೀಂಧ್ರಗಳು ಸ್ರವಿಸುವ ವಿಷ ಕುದಿತಕ್ಕೂ ಬಗ್ಗದ ಕಾರಣ ಅಂಥ ಪಾಕವನ್ನು ಚೆಲ್ಲುವುದೇ ಸರಿ.

ಪಾಕದ ದರ್ಜೆಯನ್ನು ನಿರ್ಧರಿಸುವ ಕ್ರಮ ಮುಂದೆ ನೋಟಿನ ವಿಚಾರಕ್ಕೂ ಸಂಬಂಧಿಸುವುದರಿಂದ ಅದನ್ನು ಇಲ್ಲಿ ಹೇಳಬೇಕು. ತೆಳುವಾದ ಗಾಜಿನ ಪಾತ್ರೆಯಲ್ಲಿ ಪಾಕವನ್ನು ತುಂಬಿ, 560 ನ್ಯಾನೊಮೀಟರ್ ತರಂಗಾಂತರದ ಹಸಿರು ಛಾಯೆಯ ಬೆಳಕನ್ನು ಅದರ ಮೂಲಕ ಹಾಯಿಸಿ, ಶೇಕಡಾ ಎಷ್ಟು ಬೆಳಕು ಆಚೆ ತಲುಪಿತೆಂದು ಅಳೆಯುತ್ತಾರೆ. ಶೇ 75ಕ್ಕೆ ಕಡಿಮೆಯಿಲ್ಲದೆ ತಲುಪಿದರೆ ಹೊನ್ನಿನ ಬಣ್ಣದ ದರ್ಜೆ, ಅನಂತರ ಕ್ರಮವಾಗಿ ಅಂಬರು, ಗಾಢ, ಅತಿಗಾಢ. ಋತುವಿನ ಆರಂಭದ ರಸದಿಂದ ತಿಳಿಬಣ್ಣದ ಪಾಕ ಸಿಗುತ್ತದೆ; ಚಳಿ ಕಡಿಮೆಯಾದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ ಸುಕ್ರೋಸನ್ನು ಗ್ಲುಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುವುದರಿಂದ, ಕುದಿಸಿದಾಗ ಬಣ್ಣ ಕಪ್ಪೇರುತ್ತದೆ, ರುಚಿ ಗಾಢವಾಗುತ್ತದೆ.

ಜಗತ್ತಿನ ಮೇಪಲ್ ಪಾಕದಲ್ಲಿ ಸುಮಾರು ಶೇ 70ರಷ್ಟು ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತವಾದ ಕ್ಯುಬೆಕ್ ಒಂದರಲ್ಲಿಯೇ ತಯಾರಾಗುತ್ತದೆ. ಕೆಲವೇ ವಾರಗಳ ಹವಾಮಾನವನ್ನು ನಂಬಿದ ಬೆಳೆಯಾದ್ದರಿಂದ ಒಂದು ವರ್ಷ ತುಂಬಿ ತುಳುಕಿದರೆ ಇನ್ನೊಂದು ವರ್ಷ ಬರಿದಾಗುತ್ತದೆ. ಈ ಏರಿಳಿತದಿಂದ ಬೆಲೆ ಕುಸಿಯದಂತೆ, ಕೊಳ್ಳುವವರು ಕೈಬಿಡದಂತೆ ನೋಡಿಕೊಳ್ಳಲು ಅಲ್ಲಿನ ಉತ್ಪಾದಕರ ಒಕ್ಕೂಟ 2000ದಲ್ಲಿ ಒಂದು ಆಪತ್ಕಾಲದ ದಾಸ್ತಾನನ್ನು ಸ್ಥಾಪಿಸಿತು. ಹೆಚ್ಚುವರಿ ಪಾಕದ ಮಾದರಿ ತೆಗೆದು ಪರೀಕ್ಷಿಸಿ, ದರ್ಜೆ ನಿಗದಿಪಡಿಸಿ, ಪಾಶ್ಚರೀಕರಿಸಿ, ಪೀಪಾಯಿಗಳಲ್ಲಿ ತುಂಬಿ ಮುದ್ರೆಯೊತ್ತಿ ಲೊರಿಯರ್‌ವಿಲ್ ಮುಂತಾದ ಊರುಗಳ ಗೋದಾಮುಗಳಲ್ಲಿ ಪೇರಿಸಿಡುತ್ತಾರೆ. ಹೀಗಿಟ್ಟ ಪಾಕ ವರ್ಷಗಳ ಬಳಿಕವೂ ಮಾರಾಟಕ್ಕೆ ಯೋಗ್ಯವಾಗಿರುತ್ತದೆ. 2021ರಲ್ಲಿ ಬೇಡಿಕೆ ಏರಿ ಇಳುವರಿ ಇಳಿದಾಗ ಒಕ್ಕೂಟ ದಾಸ್ತಾನಿನ ಹೆಚ್ಚುಕಡಿಮೆ ಅರ್ಧದಷ್ಟನ್ನು, ಅಂದರೆ ಸುಮಾರು 5 ಕೋಟಿ ಪೌಂಡ್ ಪಾಕವನ್ನು ಮಾರುಕಟ್ಟೆಗೆ ಬಿಡಬೇಕಾಯಿತು. ಕುದಿಯುವ ಬಿಂದುವಿನ ನಾಲ್ಕು ಡಿಗ್ರಿಗಳ ಎಚ್ಚರದಿಂದ ಆರಂಭವಾದ ಸಂಗ್ರಹಣೆಯ ವಿದ್ಯೆ ಒಂದು ಪ್ರಾಂತದ ಅರ್ಥವ್ಯವಸ್ಥೆಗೆ ಆಸರೆಯಾದ ಬಗೆ ನಿಜಕ್ಕೂ ಮೆಚ್ಚುವಂಥದ್ದು.

ಇಷ್ಟೆಲ್ಲ ಎಚ್ಚರ ವಹಿಸಿದವರು ಒಂದು ಕಡೆ ಮೈಮರೆತರು. 2011ರಲ್ಲಿ ಹೆಚ್ಚುವರಿ ಪೀಪಾಯಿಗಳನ್ನು ಇಡಲು ಸೇಂಟ್ ಲೂಯಿ ದ ಬ್ಲಾನ್‌ಫೋರ್ಡ್ ಎಂಬ ಹಳ್ಳಿಯಲ್ಲಿ ಬಾಡಿಗೆ ಗೋದಾಮೊಂದನ್ನು ಹಿಡಿಯಲಾಯಿತು. 2012ರ ಬೇಸಿಗೆಯಲ್ಲಿ ದಾಸ್ತಾನಿನ ಲೆಕ್ಕ ನೋಡಲು ಬಂದ ಪರಿಶೀಲಕರು ಪೇರಿಸಿದ ಪೀಪಾಯಿಗಳ ಮೇಲೆ ಹತ್ತಿದಾಗ ಒಂದು ಪೀಪಾಯಿ ಕಾಲಡಿಯಲ್ಲಿ ಅಲುಗಾಡಿತು. ತುಂಬಿದ ಪೀಪಾಯಿ ಮನುಷ್ಯನ ಭಾರಕ್ಕೆ ಅಲುಗುವಂಥದ್ದಲ್ಲ. ತೆರೆದು ನೋಡಿದರೆ ಕೆಲವು ಬರಿದಾಗಿದ್ದವು, ಕೆಲವುಗಳಲ್ಲಿ ಪಾಕದ ಬದಲು ನೀರಿತ್ತು. ಸುಮಾರು ಒಂದು ವರ್ಷದ ಅವಧಿಯಲ್ಲಿ 9,500ಕ್ಕೂ ಹೆಚ್ಚು ಪೀಪಾಯಿಗಳಿಂದ ಸುಮಾರು 3,000 ಟನ್ ಪಾಕವನ್ನು ಕದ್ದು, ಸ್ವಲ್ಪಸ್ವಲ್ಪವಾಗಿ ಬೇರೆ ಪ್ರಾಂತಗಳಿಗೂ ಅಮೆರಿಕಕ್ಕೂ ಸಾಗಿಸಲಾಗಿತ್ತು. ಅದರ ಬೆಲೆಯನ್ನು 1.87 ಕೋಟಿ ಕೆನಡಾ ಡಾಲರ್ ಎಂದು ಲೆಕ್ಕಹಾಕಲಾಯಿತು. ಪೀಪಾಯಿಯೊಂದಕ್ಕೆ ಸರಿಸುಮಾರು 2,000 ಡಾಲರ್ ಬಿದ್ದಂತಾಯಿತು. ಮುಖ್ಯ ಆರೋಪಿಗೆ 2017ರಲ್ಲಿ ಎಂಟು ವರ್ಷಗಳ ಸೆರೆವಾಸ ಹಾಗೂ 90 ಲಕ್ಷ ಡಾಲರ್‌ಗೂ ಮೀರಿದ ದಂಡ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಆತನಿಗೆ ದಕ್ಕಿದ ಲಾಭದ ಮಟ್ಟಕ್ಕೆ ಇಳಿದ ಆ ದಂಡವನ್ನು ಕೆನಡಾದ ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಮೊದಲಿನ ಮೊತ್ತಕ್ಕೇ ಏರಿಸಿತು. ಕಳವು ಮಾಲನ್ನು ಹೊಂದಿದ್ದವನು ಅದರ ಪೂರ್ಣ ಮೌಲ್ಯಕ್ಕೆ ಹೊಣೆ ಎಂಬುದು ಆ ತೀರ್ಪಿನ ತಿರುಳು.

ಈ ಪ್ರಕರಣ ಬಹುಪಾಲು ಕಡೆ ವಿನೋದದ ಸುದ್ದಿಯಾಗಿ ಹರಡಿತು, ಅದು ಅನ್ಯಾಯ. ಕದ್ದದ್ದು ಸಾವಿರಾರು ಕುಟುಂಬಗಳ ಕೂಡು ಉಳಿತಾಯವನ್ನು. ಅದರಲ್ಲಿ ಕಲಿಯಬೇಕಾದ ಅಂಶವೂ ಸರಳವಾದದ್ದೇ. ಒಂದು ಲೀಟರ್ ಪಾಕ ಸುಮಾರು 1.32 ಕಿಲೋ ತೂಗುತ್ತದೆ, ಒಂದು ಲೀಟರ್ ನೀರು ಒಂದು ಕಿಲೋ. ಹೀಗಾಗಿ ನೀರು ತುಂಬಿದ ಪ್ರತಿ ಪೀಪಾಯಿಯೂ ಅದೇ ಅಳತೆಯ ಪಾಕದ ಪೀಪಾಯಿಗಿಂತ ಹೆಚ್ಚುಕಡಿಮೆ ಕಾಲುಭಾಗ ಹಗುರವಾಗಿತ್ತು. ಯಾರಾದರೂ ತಿಂಗಳಿಗೊಮ್ಮೆ ಹತ್ತಾರು ಪೀಪಾಯಿಗಳನ್ನು ತಕ್ಕಡಿಗೆ ಏರಿಸಿದ್ದರೆ ಕಳವು ಬಹಳ ಮೊದಲೇ ಬಯಲಾಗುತ್ತಿತ್ತು. ಪಾಕ ತನ್ನ ಅಸಲಿತನದ ಸಾಕ್ಷ್ಯವನ್ನು ತನ್ನ ಸಾಂದ್ರತೆಯಲ್ಲಿಯೇ ಹೊತ್ತುಕೊಂಡಿತ್ತು, ಕೇಳುವವರು ಇರಲಿಲ್ಲ.

ಗೋದಾಮಿನಲ್ಲಿ ಪೀಪಾಯಿಗಳು ಬರಿದಾಗುತ್ತಿದ್ದ ತಿಂಗಳುಗಳಲ್ಲಿಯೇ, 2011ರ ನವೆಂಬರ್ 14ರಂದು, ಕೆನಡಾದ ಕೇಂದ್ರ ಬ್ಯಾಂಕ್ ತನ್ನ ಮೊದಲ ಪ್ಲಾಸ್ಟಿಕ್ ನೋಟನ್ನು, 100 ಡಾಲರ್ ಮುಖಬೆಲೆಯದನ್ನು, ಹೊರತಂದಿತು. ಹಾಗೆ ಮಾಡಲು ಬಲವಾದ ಕಾರಣವಿತ್ತು. ಬಣ್ಣದ ಸ್ಕ್ಯಾನರ್ ಮತ್ತು ಪ್ರಿಂಟರ್‌ಗಳು ಅಗ್ಗವಾದ ಮೇಲೆ ಖೋಟಾ ನೋಟುಗಳು ಹೆಚ್ಚಿ, 2004ರಲ್ಲಿ ಚಲಾವಣೆಯಲ್ಲಿದ್ದ ಪ್ರತಿ ಹತ್ತು ಲಕ್ಷ ನೋಟುಗಳಿಗೆ ಸುಮಾರು 470 ಖೋಟಾ ನೋಟುಗಳು ಪತ್ತೆಯಾಗಿದ್ದವು. ಅನೇಕ ಅಂಗಡಿಗಳು 100 ಡಾಲರ್ ನೋಟನ್ನು ತೆಗೆದುಕೊಳ್ಳುವುದಿಲ್ಲವೆಂದು ಫಲಕ ತೂಗುಹಾಕಿದ್ದವು. ಸರ್ಕಾರದ ಹಣವನ್ನೇ ಅಂಗಡಿಯವರು ನಿರಾಕರಿಸುವುದಕ್ಕಿಂತ ದೊಡ್ಡ ಮುಖಭಂಗ ಒಂದು ಕೇಂದ್ರ ಬ್ಯಾಂಕಿಗೆ ಬೇರೆ ಇಲ್ಲ.

ಪ್ಲಾಸ್ಟಿಕ್ ನೋಟಿನ ತವರು ಆಸ್ಟ್ರೇಲಿಯಾ. 1966ರ ಫೆಬ್ರುವರಿಯಲ್ಲಿ ಅಲ್ಲಿ ದಶಮಾಂಶ ಪದ್ಧತಿಯ ಹೊಸ ನೋಟುಗಳು ಬಂದ ವರ್ಷದೊಳಗೇ 10 ಡಾಲರ್ ನೋಟಿನ ನಕಲುಗಳು ಕಾಣಿಸಿಕೊಂಡವು. ಬೆಚ್ಚಿಬಿದ್ದ ರಿಸರ್ವ್ ಬ್ಯಾಂಕ್, ಅದರ ಗವರ್ನರ್ ಎಚ್. ಸಿ. ಕೂಂಬ್ಸ್ ಅವರ ಮುಂದಾಳುತನದಲ್ಲಿ, ವಿಜ್ಞಾನಿಗಳ ನೆರವು ಕೇಳಿತು. ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಪಾಲಿಮರ್ ರಸಾಯನಶಾಸ್ತ್ರಜ್ಞ ಡೇವಿಡ್ ಸಾಲೊಮನ್ ಮತ್ತು ಸಂಗಡಿಗರು ಕೈಗೊಂಡ ಕೆಲಸ 1988ರಲ್ಲಿ ಫಲಕೊಟ್ಟಿತು. ಯುರೋಪಿಯನ್ ನೆಲಸಿಕೆಯ ಇನ್ನೂರನೇ ವರ್ಷದ ನೆನಪಿಗೆ ಪಾರದರ್ಶಕ ಕಿಟಕಿಯುಳ್ಳ 10 ಡಾಲರ್ ನೋಟು ಹೊರಬಂತು. 1996ರ ಹೊತ್ತಿಗೆ ಆ ದೇಶದ ಎಲ್ಲ ನೋಟುಗಳೂ ಪ್ಲಾಸ್ಟಿಕ್‌ಗೆ ಬದಲಾದವು. ಕೆನಡಾ ಬಳಸುವುದೂ ಈ ಪರಂಪರೆಯ ಹಾಳೆಯನ್ನೇ.

ಆ ಹಾಳೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದು. ಕರಗಿಸಿದ ಪ್ಲಾಸ್ಟಿಕನ್ನು ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸುವುದರಿಂದ ಅದರ ಉದ್ದನೆಯ ಅಣುಸರಪಳಿಗಳು ಎರಡೂ ದಿಕ್ಕುಗಳಲ್ಲಿ ಸಾಲುಗೊಂಡು, ತೆಳುವಾದ ಹಾಳೆಗೆ ಹರಿಯದ ಗಟ್ಟಿತನ ಬರುತ್ತದೆ. ಹೀಗೆ ಸಿಕ್ಕ ಹಾಳೆ ಸಂಪೂರ್ಣ ಪಾರದರ್ಶಕ. ಅದರ ಎರಡೂ ಮೈಗಳಿಗೆ ಬಿಳಿಯ ಲೇಪ ಕೊಡುವಾಗ ಬೇಕಾದಷ್ಟು ಜಾಗವನ್ನು ಲೇಪಿಸದೆ ಬಿಟ್ಟರೆ ಅದೇ ಕಿಟಕಿ. ಅಂದರೆ ಕಾಗದದ ನೋಟಿಗೆ ರಕ್ಷಣೆಯನ್ನು ಸೇರಿಸಬೇಕು, ಇಲ್ಲಿ ರಕ್ಷಣೆ ಹಾಳೆಯ ಹುಟ್ಟುಗುಣ. ಸ್ಕ್ಯಾನರ್ ಬಣ್ಣವನ್ನು ನಕಲಿಸಬಲ್ಲದು, ಪಾರದರ್ಶಕತೆಯನ್ನು ನಕಲಿಸಲಾರದು. ಕಾಗದದಲ್ಲಿ ತೂತು ಮಾಡಿ ಪ್ಲಾಸ್ಟಿಕ್ ತುಂಡನ್ನು ಅಂಟಿಸುವವರಿದ್ದಾರೆ. ಅಂಟಿನ ಅಂಚು ಬೆರಳಿಗೆ ತಗಲುವುದರಿಂದ ಅಂಥ ನಕಲು ಗಮನವಿಟ್ಟು ಮುಟ್ಟಿದವರನ್ನು ಮೋಸಗೊಳಿಸದು. ಬೆವರು, ಮಳೆ, ಎಣ್ಣೆ ಯಾವುದನ್ನೂ ಹೀರದ ಈ ನೋಟು ಕಾಗದದ ನೋಟಿಗಿಂತ ಕನಿಷ್ಠ ಎರಡೂವರೆ ಪಟ್ಟು ಬಾಳುತ್ತದೆಂಬುದು ಕೆನಡಾದ ಬ್ಯಾಂಕಿನ ಅಂದಾಜು.

ಕೆನಡಾದ 20 ಡಾಲರ್ ನೋಟನ್ನು ಕೈಗೆತ್ತಿಕೊಂಡರೆ ಈ ಏರ್ಪಾಡು ಸ್ಪಷ್ಟವಾಗುತ್ತದೆ. ನೋಟಿನ ಮೇಲಿನಿಂದ ಕೆಳಗಿನವರೆಗೆ ಹಾಯುವ ದೊಡ್ಡ ಕಿಟಕಿಯಲ್ಲಿ ಲೋಹದ ಹೊಳಪಿನ ಎರಡು ಚಿತ್ರಗಳಿವೆ: ಪಕ್ಕದಲ್ಲಿ ಅಚ್ಚಾದ ರಾಣಿ ಎಲಿಜಬೆತ್ ಅವರ ಭಾವಚಿತ್ರದ ಕಿರುರೂಪ ಒಂದು, ಒಟ್ಟಾವದ ಸಂಸತ್ ಭವನದ ಗೋಪುರ ಇನ್ನೊಂದು. ನೋಟನ್ನು ಓಲಿಸಿದಂತೆ ಗೋಪುರದ ಬಣ್ಣಗಳು ಥಟ್ಟನೆ ಬದಲಾಗುತ್ತವೆ. ಲೋಹದ ಪದರದಲ್ಲಿ ಕೆತ್ತಿದ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಬೆಳಕನ್ನು ಬಣ್ಣಗಳಾಗಿ ಚದುರಿಸುವುದೇ ಇದಕ್ಕೆ ಕಾರಣ. ಈ ವಿವರಗಳು ನೋಟಿನ ಹಿಂಬದಿಯಿಂದಲೂ ಅಷ್ಟೇ ಚೊಕ್ಕವಾಗಿ ಕಾಣಬೇಕು. ಕಿಟಕಿಯ ಅಂಚಿನಲ್ಲಿರುವ ಮೇಪಲ್ ಎಲೆಗಳ ಪೈಕಿ ಕೆಲವು ಅರ್ಧ ಬಿಳಿಯ ಭಾಗದಲ್ಲೂ ಅರ್ಧ ಪಾರದರ್ಶಕ ಭಾಗದಲ್ಲೂ ಹರಡಿಕೊಂಡಿರುವುದರಿಂದ ಕಿಟಕಿಯನ್ನು ಬೇರೆಯಾಗಿ ಮಾಡಿ ಜೋಡಿಸುವುದು ಇನ್ನಷ್ಟು ಕಷ್ಟವಾಗುತ್ತದೆ. ದೊಡ್ಡ ಅಂಕಿ ಮತ್ತು ಭಾವಚಿತ್ರದ ಭುಜದ ಭಾಗದಲ್ಲಿ ಮಸಿ ಉಬ್ಬಿಕೊಂಡಿದ್ದು ಬೆರಳಿಗೆ ತಿಳಿಯುತ್ತದೆ.

ಇವೆಲ್ಲಕ್ಕಿಂತ ಸೋಜಿಗದ್ದು ಚಿಕ್ಕ ಕಿಟಕಿ. ಮಂಜು ಕವಿದ ಗಾಜಿನಂತೆ ಕಾಣುವ ಮೇಪಲ್ ಎಲೆಯೊಂದು ಅದರಲ್ಲಿದೆ. ನೋಟನ್ನು ಕಣ್ಣಿನ ಹತ್ತಿರಕ್ಕೆ ತಂದು, ಆ ಎಲೆಯ ಮೂಲಕ ದೂರದ ಒಂದೇ ಒಂದು ಸಣ್ಣ ದೀಪವನ್ನು ನೋಡಿದರೆ, ದೀಪದ ಸುತ್ತ ನೋಟಿನ ಮುಖಬೆಲೆಯ ಅಂಕಿಗಳು ಬಳೆಯಂತೆ ಜೋಡಿಸಿಕೊಂಡು ತೇಲುತ್ತವೆ. ನೋಟಿನ ಮೇಲ್ಮೈಯಲ್ಲಿ ಆ ಅಂಕಿಗಳನ್ನು ಯಾರೂ ಬರೆದಿಲ್ಲ. ಎಲೆಯೊಳಗಿನ ಸೂಕ್ಷ್ಮ ರಚನೆ, ತನ್ನ ಮೂಲಕ ಹಾಯುವ ಬೆಳಕಿನ ಅಲೆಗಳನ್ನು ಬಾಗಿಸಿ ಅಂಕಿಗಳ ಆಕಾರಕ್ಕೆ ಬೀಳಿಸುತ್ತದೆ. ಪಾಕದ ದರ್ಜೆಯನ್ನು ಬೆಳಕು ಹಾಯಿಸಿ ನಿರ್ಣಯಿಸುವ ನಾಡಿನಲ್ಲಿ ಹಣದ ಅಸಲಿತನವನ್ನೂ ಹಾಗೆಯೇ ನಿರ್ಣಯಿಸುವಂತಾದದ್ದು ಆಕಸ್ಮಿಕವೇ ಇರಬಹುದು, ಆದರೂ ಚಂದದ ಆಕಸ್ಮಿಕ.

ಹೊಸ ನೋಟಿನ ಸುತ್ತ ಎರಡು ವಿವಾದಗಳೂ ಹುಟ್ಟಿಕೊಂಡವು, ಎರಡೂ ಮೇಪಲ್‌ಗೆ ಸಂಬಂಧಿಸಿದವು. ನೋಟಿನಲ್ಲಿರುವ ಎಲೆ ಕೆನಡಾದ ಸಕ್ಕರೆ ಮೇಪಲ್‌ನದಲ್ಲ, ಯುರೋಪಿನಿಂದ ಬಂದು ಉತ್ತರ ಅಮೆರಿಕದ ಕಾಡುಗಳನ್ನು ಅತಿಕ್ರಮಿಸುತ್ತಿರುವ ನಾರ್ವೆ ಮೇಪಲ್‌ನದೆಂದು ಸಸ್ಯಶಾಸ್ತ್ರಜ್ಞರು 2013ರಲ್ಲಿ ಆಕ್ಷೇಪಿಸಿದರು. ಅದು ಯಾವ ಒಂದು ಜಾತಿಯ ಪ್ರತಿಕೃತಿಯೂ ಅಲ್ಲ, ಶೈಲೀಕರಿಸಿದ ರೂಪವೆಂದು ಬ್ಯಾಂಕ್ ಉತ್ತರಿಸಿತು. ಸಸ್ಯಶಾಸ್ತ್ರಜ್ಞರ ಆಕ್ಷೇಪವನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು, ಏಕೆಂದರೆ ಒಂದೊಂದು ಗೆರೆಯನ್ನೂ ಹೋಲಿಸಿ ನೋಡಿರೆಂದು ಜನರನ್ನು ಕೇಳಿಕೊಳ್ಳುವ ವಸ್ತುವಿನಲ್ಲಿ ಎಲೆಯ ಅಂಚೂ ನಿಖರವಾಗಿರಬೇಕೆಂದು ಬಯಸುವುದು ನ್ಯಾಯವೇ. ಇನ್ನೊಂದು, ನೋಟನ್ನು ಉಜ್ಜಿದರೆ ಮೇಪಲ್ ಪಾಕದ ಪರಿಮಳ ಬರುತ್ತದೆ ಎಂಬ ವದಂತಿ. ಹಲವರು ಬ್ಯಾಂಕಿಗೆ ಪತ್ರ ಬರೆದು ಇದು ನಿಜವೇ ಎಂದು ವಿಚಾರಿಸಿದರು. ತಮ್ಮ ನೋಟಿನಲ್ಲಿ ಪರಿಮಳ ಆರಿಹೋಗಿದೆ ಎಂದು ದೂರಿದವರೂ ಇದ್ದರು. ನೋಟುಗಳಿಗೆ ಯಾವ ಸುಗಂಧವನ್ನೂ ಸೇರಿಸಿಲ್ಲವೆಂದು ಬ್ಯಾಂಕ್ ಸ್ಪಷ್ಟಪಡಿಸಬೇಕಾಯಿತು. ಇಲ್ಲದ ಗುರುತನ್ನು ಮೂಗಿನಿಂದ ಹುಡುಕಿದ ಜನ, ಇರುವ ಗುರುತುಗಳನ್ನು ಕಣ್ಣಿನಿಂದ ಹುಡುಕುವುದು ರಕ್ಷಣೆಗೆ ಅಗತ್ಯ. ಅದಕ್ಕಾಗಿಯೇ ಬ್ಯಾಂಕ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಕೂರುವವರಿಗೂ ಪೊಲೀಸರಿಗೂ ಮುಟ್ಟಿ, ನೋಡಿ, ತಿರುಗಿಸಿ ಎಂಬ ಮೂರು ಹೆಜ್ಜೆಗಳ ಪರೀಕ್ಷೆಯನ್ನು ಕಲಿಸುವುದಕ್ಕೆ ಶ್ರಮಿಸಿತು. 2018ರಲ್ಲಿ ಬಂದ, ವರ್ಣಭೇದವನ್ನು ಪ್ರತಿಭಟಿಸಿದ ವಯೊಲಾ ಡೆಸ್ಮಂಡ್ ಅವರ ಚಿತ್ರವುಳ್ಳ ಲಂಬಾಕಾರದ 10 ಡಾಲರ್ ನೋಟಿನಲ್ಲಿ ಹದ್ದಿನ ಗರಿಯೊಂದು ಓಲಿಸಿದಾಗ ಹೊನ್ನಿನಿಂದ ಹಸಿರಿಗೆ ತಿರುಗುತ್ತದೆ. ಒಂದೇ ಚಲನೆಯಲ್ಲಿ ಮುಗಿಯುವ ಇಂಥ ಪರೀಕ್ಷೆಯನ್ನು ಅವಸರದಲ್ಲಿರುವ ವ್ಯಾಪಾರಿಯೂ ಮಾಡಬಲ್ಲನು.

ಭಾರತದಲ್ಲಿ ಪ್ಲಾಸ್ಟಿಕ್ ನೋಟಿನ ಚರ್ಚೆ ಮೈಸೂರಿನವರೆಗೆ ಬಂದು ನಿಂತಿತು. 10 ರೂಪಾಯಿ ಮುಖಬೆಲೆಯ 100 ಕೋಟಿ ಪ್ಲಾಸ್ಟಿಕ್ ನೋಟುಗಳನ್ನು ಕೊಚ್ಚಿ, ಮೈಸೂರು, ಜೈಪುರ, ಶಿಮ್ಲಾ ಮತ್ತು ಭುವನೇಶ್ವರಗಳಲ್ಲಿ ಪ್ರಯೋಗಾರ್ಥ ಚಲಾವಣೆಗೆ ಬಿಡುವ ನಿರ್ಧಾರವನ್ನು ಕೇಂದ್ರ ಸರ್ಕಾರ 2014ರಲ್ಲಿ ಸಂಸತ್ತಿಗೆ ತಿಳಿಸಿತ್ತು. ಹವಾಮಾನದ ಭಿನ್ನತೆಯೇ ಆ ಐದು ನಗರಗಳ ಆಯ್ಕೆಗೆ ಆಧಾರವಾಗಿತ್ತು. ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಮತ್ತು ನೋಟಿನ ಕಾಗದದ ಕಾರ್ಖಾನೆ ಎರಡೂ ಇರುವ ಮೈಸೂರಿಗೆ ಆ ಪಟ್ಟಿಯಲ್ಲಿ ವಿಶೇಷ ಔಚಿತ್ಯವಿತ್ತು. ಆ ನೋಟುಗಳು ಜನರ ಕೈ ಸೇರಲಿಲ್ಲ. ಮೈಸೂರಿನ ಯಂತ್ರಗಳಲ್ಲಿ ಅಚ್ಚಾಗುವುದು ಹತ್ತಿಯ ನಾರಿನ ಕಾಗದದ ನೋಟು; ಅದರ ಬಿಳಿಯ ಭಾಗದಲ್ಲಿ ಗಾಂಧೀಜಿಯವರ ನೀರುಗುರುತು ಇದೆಯೇ, ದೊಡ್ಡ ಮುಖಬೆಲೆಯ ನೋಟುಗಳಲ್ಲಿ ಭದ್ರತಾ ಎಳೆ ಓಲಿಸಿದಾಗ ಹಸಿರಿನಿಂದ ನೀಲಿಗೆ ತಿರುಗುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ಕೆಲಸ ನೋಟು ಪಡೆಯುವವರದು.